ಚಿಕ್ಕಲಸಂದ್ರದ ಸಮನ್ಸ್

ಜೂನ್ 10, ಮಂಗಳವಾರ, ಬೆಳಗ್ಗೆ 10.40. ಜಯನಗರದ ಕಟ್ಟಡ ಸುರಕ್ಷತಾ ಕಚೇರಿಯ ಅಧಿಕಾರಿ ವನಿತಾ ಠಾಣೆಗೆ ಬಂದು ದೂರು ಕೊಟ್ಟರು. ಕಂಟ್ರಾಕ್ಟರ್ ಪ್ರಮೋದನ ಮನೆ ಬಾಗಿಲಿಗೆ ಸಮನ್ಸ್ ಅಂಟಿಸಿದ್ದಕ್ಕೆ ಪುರಾವೆಯಾಗಿದ್ದ ಮಹಜರು ಬೀರುವಿನಿಂದ ಮಾಯವಾಗಿತ್ತು. ಸಮನ್ಸಿಗೆ ಬಗ್ಗದ ಅವನ ಮೇಲೆ ಸರ್ಕಾರ ಕೇಸು ಹೂಡಿತ್ತು. ಗುರುವಾರ ಆ ಮಹಜರು ಕೋರ್ಟಿಗೆ ಹೋಗದಿದ್ದರೆ ಕೇಸು ವಜಾ. ಮತ್ತೆ ಹೂಡಲು ಗಡುವೂ ಮುಗಿದಿತ್ತು. ಇನ್ಸ್‌ಪೆಕ್ಟರ್ ವಿಜಯಲಕ್ಷ್ಮಿ ಎಫ್‌ಐಆರ್ ಹಾಕಿಸಿದರು.

ವನಿತಾ ಜೊತೆ ಯಲ್ಲವ್ವ ಬಂದಿದ್ದಳು. ಕೊಪ್ಪಳದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ. ಅವಳ ಗಂಡ ಬಸವಂತ ಪ್ರಮೋದ್ ಕಟ್ಟಿಸುತ್ತಿದ್ದ ಕಟ್ಟಡದ ಲಿಫ್ಟ್ ಗುಂಡಿಗೆ ಬಿದ್ದು ಸತ್ತಿದ್ದ. ಅವನು ನಮ್ಮ ಕೆಲಸದವನೇ ಅಲ್ಲ, ಯಾರೋ ಕುಡುಕ ನುಗ್ಗಿ ಬಿದ್ದ ಅಂತ ಪ್ರಮೋದ್ ಬರೆದುಕೊಟ್ಟಿದ್ದ. ಒಂದು ತೊಟ್ಟೂ ಮುಟ್ಟದವನಿಗೆ ಕುಡುಕನ ಪಟ್ಟ! ಸಮನ್ಸ್ ಕೇಳಿದ್ದು ಹಾಜರಿ ಪುಸ್ತಕ. ಅದರಲ್ಲಿ ಗಂಡನ ಹೆಸರಿದೆ, ಅದೊಂದು ಹೊರಗೆ ಬಂದರೆ ಸಾಕು ಅಂದಳು ಯಲ್ಲವ್ವ.

ಲಾಭ ಯಾರಿಗೋ ಕೈವಾಡ ಅವರದೇ ಅಂತ ವಿಜಯಲಕ್ಷ್ಮಿ ಪ್ರಮೋದನನ್ನು ಕರೆಸಿ ಎರಡು ಗಂಟೆ ಕೂರಿಸಿದರು. ಆ ಸಮನ್ಸು ಕಣ್ಣಲ್ಲೂ ನೋಡಿಲ್ಲ ಅಂದ. ಇಂಥವರು ಇನ್ನೇನು ಅಂದಾರು! ಆದರೆ ಅವನ ಫೋನ್ ಕರೆಗಳ ಪಟ್ಟಿಯಲ್ಲಿ ಕಚೇರಿಯವರ ಒಂದು ನಂಬರೂ ಇರಲಿಲ್ಲ.

ಬೀರುವಿನ ಬೀಗ ಒಡೆದಿಲ್ಲ ಅಂತ ಪಂಚನಾಮೆಯಲ್ಲಿ ಬರೆದಾಯಿತು. ಕೀಲಿ ಇದ್ದದ್ದು ಇಬ್ಬರ ಹತ್ತಿರ: ವನಿತಾ, ಮತ್ತೆ ಸಮನ್ಸ್ ಜಾರಿ ಮಾಡುವ ಸಂಜೀವಯ್ಯ. ಕಾನ್‌ಸ್ಟೇಬಲ್ ದ್ಯಾಮಣ್ಣ ಕಚೇರಿಯ ರಿಜಿಸ್ಟರ್ ತಿರುವಿ ಹಾಕಿದ. ಮನೆಗೆ ಬೀಗವಿದ್ದರೆ ಸಮನ್ಸನ್ನು ಬಾಗಿಲಿಗೆ ಅಂಟಿಸಿ ಅಕ್ಕಪಕ್ಕದವರ ಸಹಿ ಪಡೆಯಬೇಕು. ಪ್ರಮೋದನ ಮನೆ ಚಿಕ್ಕಲಸಂದ್ರದಲ್ಲಿ. ರಿಜಿಸ್ಟರ್ ಪ್ರಕಾರ ಮಹಜರಿಗೆ ಸಹಿ ಹಾಕಿದ ಮುನಿಯಣ್ಣನ ಇಸ್ತ್ರಿ ಅಂಗಡಿ ಸಾರಕ್ಕಿಯಲ್ಲಿ. ಇದೆಂಥಾ ಅಕ್ಕಪಕ್ಕ?

ಬುಧವಾರ ಬೆಳಗ್ಗೆ 11.15ಕ್ಕೆ ವಿಜಯಲಕ್ಷ್ಮಿ ಸಾರಕ್ಕಿಗೆ ಹೋದರು.

"ಸಮನ್ಸ್ ಅಂಟಿಸೋದು ನೋಡಿದ್ರಾ?"

"ಇಲ್ಲ ಮೇಡಂ. ಸಂಜೀವಯ್ಯೋರು ಇಲ್ಲಿಗೇ ಬರ್ತಾರೆ, ಟೀ ಕುಡೀತಾರೆ. ಸೈನ್ ಹಾಕು ಅಂದ್ರೆ ಹಾಕ್ತೀನಿ. ವರ್ಷಗಟ್ಟಲೆಯಿಂದ ಹಿಂಗೇ."

ಮಧ್ಯಾಹ್ನ 3.30ಕ್ಕೆ ತ್ಯಾಗರಾಜನಗರದಲ್ಲಿ ಸಂಜೀವಯ್ಯನ ಮನೆ ಶೋಧ. ಮಹಜರು ದೇವರ ಪಟದ ಹಿಂದಿತ್ತು. ಸರ್ಕಾರಿ ಕಾಗದ, ಹರಿಯಲು ಕೈ ಬರಲಿಲ್ಲವಂತೆ. ಅದರ ಜೊತೆಗೇ ಸಮನ್ಸಿನ ಪ್ರತಿಯೂ ಸಿಕ್ಕಿತು, ಒಂದು ಹನಿ ಗೋಂದು ಕಾಣದೆ. ದಸ್ತಗಿರಿ 4.10ಕ್ಕೆ.

ಸಂಜೀವಯ್ಯ ಯಾರಿಂದಲೂ ಏನೂ ತಿಂದಿರಲಿಲ್ಲ. ಮಂಡಿ ಎರಡೂ ಹೋಗಿದ್ದವು. ಪ್ರಮೋದನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹತ್ತಲಾರೆ ಅಂದರೆ ಕೆಲಸಕ್ಕೆ ಬಾರದವನು ಅಂದಾರು ಎಂಬ ನಾಚಿಕೆಗೆ, ಅಂಟಿಸಿದೆ ಅಂತ ಮುನಿಯಣ್ಣನ ಅಂಗಡಿಯಲ್ಲೇ ಮಹಜರು ಬರೆದುಬಿಟ್ಟಿದ್ದ. ಕೋರ್ಟಿನಲ್ಲಿ ವಕೀಲರು ಆ ಬಾಗಿಲಿನ ಬಗ್ಗೆ ಕೇಳುತ್ತಾರೆಂದು ಗೊತ್ತಾದ ಮೇಲೆ ಕಾಗದ ಕದ್ದ.

ಠಾಣೆಯ ಬೆಂಚಿನ ಮೇಲೆ ಯಲ್ಲವ್ವ ಕಾಯುತ್ತಿದ್ದಳು. ಕಳ್ಳ ಸಿಕ್ಕ ಸುದ್ದಿಗೆ ಅವಳ ಮುಖ ಅರಳಿತು. ವಿಜಯಲಕ್ಷ್ಮಿ ಅವಳ ಪಕ್ಕ ಕೂತು ಇದ್ದದ್ದು ಇದ್ದಂತೆ ಹೇಳಿದರು. ಸಮನ್ಸ್ ಪ್ರಮೋದನಿಗೆ ಮುಟ್ಟೇ ಇಲ್ಲ, ಅವನು ಅಂದದ್ದೇ ನಿಜ, ಅದಕ್ಕೀಗ ಪೊಲೀಸರೇ ಸಾಕ್ಷಿ. ನಾಳೆ ಕೇಸು ವಜಾ ಆಗುತ್ತದೆ.

ಯಲ್ಲವ್ವ ಬೆಂಚಿನಿಂದ ಎದ್ದಳು.

"ಹಂಗಾದ್ರ ನೀವು ಯಾಕ ಹುಡುಕಿದ್ರಿ, ಮೇಡಂ?"