ಪೂರ್ತಿಯಾಗದ ಸುತ್ತು

ಒಂದಾನೊಂದು ದ್ವೀಪದಲ್ಲಿ ಒಬ್ಬ ರಾಜನಿದ್ದನಂತೆ. ರಾಜ ಹೋದ, ಅವನ ಮಕ್ಕಳು ಮೊಮ್ಮಕ್ಕಳು ಹೋದರು, ಕಡಲಂಚಿನ ಕೋಟೆ ಉಳಿಯಿತು. ಕೋಟೆಯ ಹೊಟ್ಟೆಯಲ್ಲೊಂದು ಪಾರ್ಕು, ಪಾರ್ಕಿನಲ್ಲೊಬ್ಬ ಗೈಡು. ರಾಜನಿಗೇ ಹೆದರದ ಸಮುದ್ರ ಈ ಗೈಡಿನ ಬಾಯಿಗೆ ಹೆದರಿ ದಿನಾ ಹಿಂದೆ ಸರಿಯುತ್ತದೆ ಎಂಬುದು ನಕಾಶೆಯ ಹುಡುಗಿಗೆ ಖಾತ್ರಿಯಾಗಿತ್ತು.

ಪ್ರವಾಸಿಗರಿಗಾಗಿ ಕೋಟೆಯ ನಕಾಶೆ ಬರೆಯುವುದು ಅವಳ ಕೆಲಸ. ಗೈಡಿಲ್ಲದೆ ಗೋಡೆ ಹತ್ತುವಂತಿಲ್ಲ. "ಪೂರ್ತಿ ಒಂದು ಸುತ್ತು ಹಾಕಿಸ್ತೀನಿ, ನನ್ನ ಮಾತು" ಎಂದು ಅವನು ಮೊದಲ ದಿನವೇ ಹೇಳಿದ್ದ. ಆದರೆ ಕಲ್ಲಿಗೊಂದು ಕಥೆ! ಅವಳು ಬಂದಾಗಲೆಲ್ಲ ಅರ್ಧ ದಾರಿಗೇ ಪಾರ್ಕು ಮುಚ್ಚುವ ಹೊತ್ತು. ಪಡುವಣ ಗೋಡೆಯ ಜಾಗ ಹಾಳೆಯಲ್ಲಿ ಇನ್ನೂ ಖಾಲಿ. ಇವತ್ತು ಮುಗಿಯದಿದ್ದರೆ ಕೆಲಸ ಬೇರೆಯವರ ಪಾಲು ಎಂದು ಆಫೀಸಿನಲ್ಲಿ ಹೇಳಿಬಿಟ್ಟಿದ್ದರು.

ಇವತ್ತೂ ಅವನು ನಿಂತ.

"ಇಲ್ನೋಡಿ ಮೇಡಂ, ಇದು ರಾಣಿಯ ಕಿಟಕಿ..."

"ಹೋದ ಸಲ ರಾಣಿಯ ಕಿಟಕಿ ಆ ಕಡೆ ಇತ್ತು!"

"ರಾಣಿ ಅಂದ್ಮೇಲೆ ಒಂದೇ ಕಿಟಕಿ ಸಾಕಾಗುತ್ತಾ?"

"ಅದನ್ನ ನಕಾಶೆಯಲ್ಲಿ ಬರೆದು ಆಫೀಸಲ್ಲಿ ತೋರಿಸಿದೆ ಕಣ್ರೀ. ಅದು ಫಿರಂಗಿ ಇಡೋ ಕಂಡಿಯಂತೆ! ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು."

ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಅದನ್ನೂ ಬರೆದ್ರಾ?"

"ನೀವು ಹೇಳಿದ್ದನ್ನೆಲ್ಲ ಬರ್ಕೊಂಡಿದ್ದೀನಿ!"

ಬಾಯಿ ತಪ್ಪಿ ಬಂದ ಮಾತು. ಅವಳ ಕಿವಿ ಬಿಸಿಯಾಯಿತು, ಬಿಸಿಲಿಗಿರಬೇಕು ಎಂದುಕೊಂಡಳು. ಅವನು ಹಣೆಗೆ ಅಡ್ಡ ಹಿಡಿದ ಅಂಗೈಯ ನೆರಳಿನಿಂದ ಅವಳನ್ನು ನೋಡಿದ.

"ಯಾಕೆ ಇಷ್ಟೆಲ್ಲ ಸುಳ್ಳು?" ಎಂದಳು.

"ಸುತ್ತು ಮುಗಿದ್ರೆ ನಕಾಶೆ ಮುಗಿಯುತ್ತೆ. ನಕಾಶೆ ಮುಗಿದ್ರೆ ನೀವು ದೋಣಿ ಹತ್ತಿ ಹೋಗ್ತೀರಿ. ಆಮೇಲೆ ನನಗೆ ಈ ಕೋಟೆ ಬರೀ ಕಲ್ಲು, ಮೇಡಂ."

"ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು? ಊರಿಗೆಲ್ಲ ಕಥೆ ಹೇಳೋ ಬಾಯಲ್ಲಿ ಈ ಒಂದು ಮಾತಿಗೆ ಬರಗಾಲವಾ?"

"ಸುಳ್ಳಾಗಿದ್ರೆ ಸಲೀಸಾಗಿ ಹೇಳ್ತಿದ್ದೆ."

ಅವಳು ತಲೆ ಚಚ್ಚಿಕೊಂಡಳು. ನಗು ಬಂದುಬಿಡುತ್ತದೆಂದು ಇನ್ನಷ್ಟು ಗದರಿದಳು. "ಪೆದ್ದು! ಕೆಲಸ ಇದ್ರೆ ಮಾತ್ರ ಬರಬೇಕು ಅಂತ ಯಾರು ಹೇಳಿದ್ದು? ಪಾರ್ಕಿಗೆ ಜನ ಸುಮ್ಮನೆ ಬರಲ್ವಾ? ಭಾನುವಾರ ಬರ್ತೀನಿ. ನಕಾಶೆ ಇಲ್ದೆ, ಪೆನ್ಸಿಲ್ ಇಲ್ದೆ. ಈಗ ಬಾಯಿ ಮುಚ್ಕೊಂಡು ನಡೀರಿ."

ಅವನು ನಡೆದ. ನಡೆದದ್ದೇನು, ಓಡಿದ.

"ಮೆಲ್ಲಗ್ರೀ! ನಾನು ಬರೀಬೇಕಲ್ಲ!"

ತೋಳು ಹಿಡಿದು ನಿಲ್ಲಿಸಿದವಳು ಮತ್ತೆ ಬಿಡಲಿಲ್ಲ. ಉಪ್ಪುಗಾಳಿ ಹಾಳೆಯನ್ನು ಕಿತ್ತುಕೊಳ್ಳಲು ನೋಡುತ್ತಿತ್ತು. ಅವನು ಇನ್ನೊಂದು ಕೈಯಿಂದ ಅದರ ಅಂಚು ಒತ್ತಿ ಹಿಡಿದ. ಒಂದು ಒಡೆದ ಬುರುಜಿನ ಬಳಿ ಬಾಯಿ ತೆರೆದ, ಅವಳ ಕಣ್ಣು ನೋಡಿ ಮುಚ್ಚಿದ. ಪಡುವಣ ಗೋಡೆ ತಿರುವು ತಿರುವಾಗಿ ಹಾಳೆಗಿಳಿಯಿತು. ಕೊನೆಗೆ ಮೊದಲು ಹತ್ತಿದ್ದ ಮೆಟ್ಟಿಲಿನ ನೆತ್ತಿಗೇ ಬಂದು ನಿಂತರು. ಅವಳು ಗೆರೆಯ ಎರಡು ತುದಿಗಳನ್ನೂ ಕೂಡಿಸಿದಳು.