ಸೇರಿಸದ ಚುಕ್ಕಿಗಳು

ತಪ್ಪು ನನ್ನದೇ. ಚುಕ್ಕಿ ಕಂಡರೆ ಗೆರೆ ಎಳೆಯದೆ ಸುಮ್ಮನಿರುವ ಕೈಯಲ್ಲ ನನ್ನದು.

ಜಪಾನಿನ ಓಜಿಮಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಉದ್ದ ಗೋಡೆಗೆ ಚಿತ್ರ ಬರೆಸಲು ಆಸ್ಟ್ರೇಲಿಯಾದಿಂದ ಮಾರ್ಲೀನ್ ಆಂಟಿ ಬಂದಿದ್ದರು. ಅಲ್ಲಿನ ಮೂಲನಿವಾಸಿ ಕಲಾವಿದೆ. ನಾಲ್ಕು ಶನಿವಾರ, ಬಂದವರೆಲ್ಲ ಸೇರಿ ಬರೆಯಬೇಕು. ಮೊದಲ ದಿನವೇ ನಾನು ಕನ್ನಡದಲ್ಲಿ ಎಣಿಸಿಕೊಳ್ಳುತ್ತಾ ಆಂಟಿಯ ಚುಕ್ಕಿಗಳನ್ನೆಲ್ಲ ರಂಗೋಲಿಯಂತೆ ಸೇರಿಸಿಬಿಟ್ಟೆ.

"ಅಯ್ಯೋ, ಏನ್ರೀ ಮಾಡಿದ್ರಿ! ಇದೇನು ನಿಮ್ಮನೆ ಬಾಗಿಲಾ?" ಪಕ್ಕದವನು ಕೂಗಿದ. ತೇಜಸ್ವಿ, ಯೋಕೋಹಾಮಾದ ಎಂಜಿನಿಯರ್.

ಆಂಟಿ ಬೈಯಲಿಲ್ಲ. ಆ ಚುಕ್ಕಿಗಳೆಂದರೆ ಅವರ ಅಮ್ಮನ ನೆಲವಂತೆ. ಅಮ್ಮನನ್ನು ಚಿಕ್ಕಂದಿನಲ್ಲೇ ಸರ್ಕಾರದವರು ಅಲ್ಲಿಂದ ಎತ್ತಿಕೊಂಡು ಹೋಗಿದ್ದರಂತೆ. "ಇನ್ನೊಬ್ಬರ ನೆಲದಲ್ಲಿ ಕೇಳದೆ ದಾರಿ ಮಾಡಬಾರದು ಮಗಳೇ," ಎಂದು ಒರೆಸಲು ಬಟ್ಟೆ ಕೊಟ್ಟರು. ತೇಜಸ್ವಿಯೂ ಜೊತೆಗೆ ಒರೆಸಿದ.

"ನಿಮ್ಮೂರು ಯಾವುದು?" ಎಂದೆ.

"ಕಬಿನಿ ಹಿನ್ನೀರಿನ ಕೆಳಗಿದೆ. ನಮ್ಮಜ್ಜಿ ದಡದಲ್ಲಿ ನಿಂತು ನೀರು ತೋರಿಸೋರು, ಅಗೋ ಅಡುಗೆಮನೆ ಅಂತ." ನಗುತ್ತಲೇ ಹೇಳಿದ. ನಾನು ಬಿದ್ದದ್ದು ಆ ನಗುವಿಗೇ.

ಎರಡನೇ ಶನಿವಾರ ನನ್ನ ಕೆನ್ನೆಗಂಟಿದ ಬಣ್ಣ ತೋರಿಸಿ, "ಆಂಟೀ, ಇಲ್ಲೊಂದು ಚುಕ್ಕಿ ಜಾಸ್ತಿ ಆಯ್ತು," ಎಂದ. ಅವನ ಕಣ್ಣು ಕೆನ್ನೆಯ ಮೇಲೇ ಇತ್ತು. ಆಗಲೇ ಹೇಳಿಬಿಡಬೇಕಿತ್ತು. ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ, ಪೆದ್ದಿ!

ಮುಂದಿನ ವಾರ ಅವನೇ ಹೇಳಿದ. "ಮನೇಲಿ ಕೇಳ್ತಾನೇ ಇದ್ರು. ಸೋಮವಾರ ಹೂಂ ಅಂದೆ, ಮಂಗಳವಾರ ಛತ್ರ ಬುಕ್ ಮಾಡಿದಾರೆ." ಹುಡುಗಿ ಮೈಸೂರಿನ ವರ್ಷಿಣಿ. ಅವನು ಜಪಾನ್ ಬಿಟ್ಟು ಹೊರಟಿದ್ದ.

ಕೊನೆಯ ಶನಿವಾರ ಆಂಟಿ ಗೋಡೆಯ ಮೂಲೆಯೊಂದನ್ನು ನಮಗೆ ಬಿಟ್ಟು, ನಿಮ್ಮ ನಿಮ್ಮ ನೆಲ ಬರೆಯಿರಿ ಎಂದರು. ಅವನು ಮುಳುಗಿದ ಊರಿಗೆ ಏಳು ನೀಲಿ ಚುಕ್ಕಿ ಇಟ್ಟ. ನಾನು ನನ್ನ ಹರಿಹರಕ್ಕೆ ಏಳು ಕೆಂಪು ಇಟ್ಟೆ. ನಡುವೆ ಒಂದು ಗೇಣು ಜಾಗ.

"ಸೇರಿಸಲಾ?" ಕುಂಚವನ್ನು ಆ ಜಾಗದ ಮುಂದೆ ಹಿಡಿದೆ. "ಈ ಸಲ ಕೇಳ್ತಾ ಇದೀನಿ. ನೀವಂದ್ರೆ ನಂಗೆ ಪ್ರಾಣ, ತೇಜಸ್ವಿ."

"ಎರಡು ವಾರದ ಹಿಂದೆ ಕೇಳಿದ್ರೆ ಕುಂಚ ಕಿತ್ಕೊಂಡು ನಾನೇ ಎಳೀತಿದ್ದೆ, ಸಿಂಧೂರಾ." ಅವನ ಕಣ್ಣು ತುಂಬಿತ್ತು. "ಈಗ ಅಲ್ಲೊಬ್ಬಳು ಸೀರೆ ಆರಿಸ್ತಾ ಕೂತಿದಾಳೆ. ಬೇಡ."

ನಾನು ಕುಂಚ ತೊಳೆದೆ.

ಈಗಲೂ ದಿನಾ ಸ್ಟೇಷನ್‌ಗೆ ಆ ಗೋಡೆಯ ಪಕ್ಕವೇ ಹೋಗುತ್ತೇನೆ. ಕುಂಚ ಬ್ಯಾಗಿನಲ್ಲೇ ಇದೆ, ತಡೆಯುವವರು ಯಾರೂ ಇಲ್ಲ. ಒಂದು ಗೇಣು, ಅಷ್ಟೇ. ಆದರೆ ಕೇಳಿದ್ದೆನಲ್ಲ, ಅವನು ಬೇಡ ಅಂದಿದ್ದಾನೆ.