ಸೋಮವಾರ ಪದವಿ, ಶನಿವಾರ ಗೋಪುರ

ದಿನಾಂಕ 20 ಮೇ 2017, ಶನಿವಾರ. ಮಧ್ಯಾಹ್ನ 12.40ಕ್ಕೆ ಇಟಲಿಯ ಬೊಲೋನ್ಯಾದ ಹಳೆಯೂರಿನ ಠಾಣೆಗೆ ಮೂವರು ಬಂದರು. ಮುಂದೆ ತಾಯಿ, ನಡುವೆ ಮಗ, ಹಿಂದೆ ತಂದೆ. ತಾಯಿ ಮಗನ ರಟ್ಟೆ ಹಿಡಿದಿದ್ದ ರೀತಿ ನೋಡಿ, ಬಾಗಿಲಲ್ಲಿದ್ದ ಪೇದೆ ಲಗನಾ ಈಕೆಯೇ ಕಳ್ಳನನ್ನು ಹಿಡಿದು ತಂದಿದ್ದಾಳೆ ಎಂದುಕೊಂಡ.

“ದೂರು ಬರ್ಕೊಳ್ಳಿ. ನನ್ನ ಮಗನ ಚೀಲ ಕದ್ದಿದ್ದಾರೆ,” ಎಂದಳು ಆಕೆ. “ಲ್ಯಾಪ್‌ಟಾಪು, ಪ್ರಬಂಧ, ಎಲ್ಲಾ ಅದರಲ್ಲೇ. ಸೋಮವಾರ ಹತ್ತು ಗಂಟೆಗೆ ಇವನ ಪದವಿ!”

“ಹೋಗ್ಲಿ ಬಿಡಮ್ಮಾ,” ಎಂದ ಮಗ.

“ಏನು ಹೋಗ್ಲಿ ಬಿಡೋದು? ಐದು ವರ್ಷ ಓದಿದ್ದನ್ನ ಹೋಗ್ಲಿ ಬಿಡ್ಲಾ?”

ಇನ್ಸ್‌ಪೆಕ್ಟರ್ ನೆರೀನಾ ರಾಯ್ಮೊಂದಿ ಪೆನ್ನು ತೆಗೆದುಕೊಂಡಳು. ಐವತ್ತಮೂರು ವಯಸ್ಸು, ಇದೇ ಊರಲ್ಲಿ ಹುಟ್ಟಿ ಇದೇ ಊರಲ್ಲಿ ಬೆಳೆದವಳು. ದೂರುದಾರ ಜೆರಾರ್ದೊ ಸಾಂತಾರ್ಸಿಯೆರೊ, ವಯಸ್ಸು 24, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ತಾಯಿ ಫಿಲೊಮೆನಾ. ತಂದೆ ದೊನಾತೊ, ಗಾರೆ ಕೆಲಸದವನು. ದಕ್ಷಿಣದ ಬಾಸಿಲಿಕಾತಾದ ಗುಡ್ಡದೂರಿನಿಂದ ರಾತ್ರಿ ರೈಲಿಗೆ ಬಂದು ಬೆಳಗ್ಗೆಯಿಂದ ಮಗನ ಜೊತೆ ಊರು ನೋಡುತ್ತಿದ್ದರು. ದೊಡ್ಡ ಚೌಕ ಆಯಿತು, ಚರ್ಚು ಆಯಿತು, ಕಮಾನು ಸಾಲು ಆಯಿತು. ಹನ್ನೊಂದಕ್ಕೆ ದೊಡ್ಡ ಗೋಪುರ ಹತ್ತಿದ್ದರು.

“ಚೀಲ ಎಲ್ಲಿ ಹೋಯ್ತು?”

“ಗೋಪುರದ ಮೇಲೆ. ಕೆಳಗಿಟ್ಟು ಫೋಟೊ ತೆಗೀತಿದ್ದೆ. ತಿರುಗಿ ನೋಡಿದ್ರೆ ಇರ್ಲಿಲ್ಲ.”

“ಯಾರ ಮೇಲಾದ್ರೂ ಅನುಮಾನ?”

“ಇಲ್ಲ.”

“ಇದೆ!” ಎಂದಳು ಫಿಲೊಮೆನಾ. “ನಾವು ಇಳಿದು ಬರೋವಾಗ ಛತ್ರಿ ಮಾರೋನೊಬ್ಬ ಮೂಟೆ ಹೊತ್ಕೊಂಡು ಓಡ್ತಿದ್ದ. ನಾಳೆ ಬೆಳಗ್ಗೆ ಊರಿಂದ ಬಸ್ಸಲ್ಲಿ ಇಪ್ಪತ್ತೆರಡು ಜನ ಬರ್ತಿದ್ದಾರೆ ಮೇಡಂ. ಹಂಚೋಕೆ ಮೂರು ಕಿಲೊ ಕೆಂಪು ಬಾದಾಮಿ ಮಿಠಾಯಿ ತಂದಿದ್ದೀನಿ. ಪದವಿ ಆದೋರ ತಲೆಗೆ ಹಾಕೋ ಎಲೆ ಕಿರೀಟಕ್ಕೂ ಹೇಳಾಗಿದೆ. ನಾನು ಯಾರಿಗೆ ಏನಂತ ಮುಖ ತೋರಿಸ್ಲಿ?”

ದೊನಾತೊ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಜೆರಾರ್ದೊ ಸಹಿ ಹಾಕಿದ. ಪ್ರಥಮ ವರ್ತಮಾನ ವರದಿ 1.15ಕ್ಕೆ ದಾಖಲಾಯಿತು.

ಛತ್ರಿಯವನನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಬಾಬಕಾರ್ ನಿಯಾಂಗ್, ಸೆನೆಗಲ್‌ನವನು, ನಲವತ್ತರ ಆಸುಪಾಸು. ಸಮವಸ್ತ್ರ ಕಂಡರೆ ದಿನಾ ಓಡುತ್ತಾನೆ, ದಿನಾ ಅದೇ ಜಾಗಕ್ಕೆ ವಾಪಸು ಬರುತ್ತಾನೆ. ಎರಡು ಗಂಟೆಗೆ ಲಗನಾ ಅವನನ್ನು ಕರೆತಂದ. ಮೂಟೆ ಬಿಚ್ಚಿಸಿ ಪಂಚನಾಮೆ ಬರೆದರು. ಛತ್ರಿ ಮೂವತ್ತೊಂದು, ಕೈಬಳೆ ಎರಡು ಗೊಂಚಲು, ಅರ್ಧ ತಿಂದ ಬ್ರೆಡ್ಡು.

“ಮೇಡಂ, ಪ್ರಬಂಧ ಕದ್ದು ನಾನೇನ್ ಮಾಡ್ಲಿ? ಎಂಜಿನಿಯರ್ ಆಗ್ಲಾ?” ಎಂದ ಬಾಬಕಾರ್. ಆಮೇಲೆ ದನಿ ತಗ್ಗಿಸಿದ. “ಮಂಗಳವಾರ ನನ್ನ ವಾಸದ ಪರವಾನಗಿ ನವೀಕರಣ ಇದೆ. ಕಳ್ಳತನದ ಕೇಸಲ್ಲಿ ಹೆಸರು ಬಂದ್ರೆ ಮುಗೀತು. ಹದಿನಾಲ್ಕು ವರ್ಷ ಆಯ್ತು ಇಲ್ಲಿಗೆ ಬಂದು.”

“ಕೂತ್ಕೊ. ನೋಡೋಣ,” ಎಂದಳು ರಾಯ್ಮೊಂದಿ.

3.10ಕ್ಕೆ ಸ್ಥಳ ಮಹಜರು. ಗೋಪುರಕ್ಕೆ ಇರುವುದು ಒಂದೇ ಕಿರಿದಾದ ಮರದ ಮೆಟ್ಟಿಲ ದಾರಿ, ಮೆಟ್ಟಿಲು 498. ಬಾಗಿಲಲ್ಲಿ ಚೀಟಿ ಹರಿಯುವ ಹೆಂಗಸಿಗೆ ಜೆರಾರ್ದೊನ ಕುಟುಂಬ ನೆನಪಿತ್ತು. “ಆ ಅಪ್ಪ ಇಟ್ಟಿಗೆ ಇಟ್ಟಿಗೆ ಮುಟ್ಟಿ ನೋಡ್ತಿದ್ರು. ಹುಡುಗನ ಹತ್ರ ಚೀಲ? ನಾನಂತೂ ನೋಡ್ಲಿಲ್ಲ. ಛತ್ರಿಯವನು ಇವತ್ತು ಒಳಗೇ ಬಂದಿಲ್ಲ.”

“ಬನ್ನಿ ಮೇಡಂ,” ಎಂದು ಲಗನಾ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

“ನೀನು ಹತ್ತಿ ಬಾ. ನಾನು ಕೆಳಗಿರ್ತೀನಿ.”

“ಮಂಡಿ ನೋವಾ?”

“ಮಂಡಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಹೋಗೋ ನೀನು.”

ಲಗನಾ ಈ ಊರಿಗೆ ಬಂದು ಎಂಟು ತಿಂಗಳಾಗಿತ್ತು ಅಷ್ಟೇ, ಅವನಿಗೆ ಏನು ಗೊತ್ತು! ಪದವಿ ಕೈಗೆ ಬರುವ ಮುನ್ನ ಆ ಗೋಪುರ ಹತ್ತಿದವರಿಗೆ ಪದವಿ ಬರುವುದೇ ಇಲ್ಲ ಎಂಬುದು ಇಲ್ಲಿನ ವಿದ್ಯಾರ್ಥಿಗಳ ಮಾತು. ದೇವರನ್ನು ನಂಬದವರೂ ಇದೊಂದನ್ನು ನಂಬುತ್ತಾರೆ. ರಾಯ್ಮೊಂದಿ ಕಾನೂನು ಓದುತ್ತ ಇನ್ನೆರಡು ಪರೀಕ್ಷೆ ಇರುವಾಗ ಪೊಲೀಸ್ ಸೇರಿದವಳು. ಮೂವತ್ತು ವರ್ಷ ಕಳೆದಿತ್ತು, ಆ ಎರಡು ಪರೀಕ್ಷೆ ಹಾಗೇ ಇದ್ದವು. ಎಂದಾದರೊಂದು ದಿನ ಬರೆದೇನು ಎಂಬ ಆಸೆಗೆ ಅವಳು ಇಂದಿಗೂ ಆ ಮೆಟ್ಟಿಲು ತುಳಿದಿರಲಿಲ್ಲ.

ತನ್ನ ಬೂಟನ್ನೇ ನೋಡುತ್ತ ನಿಂತವಳಿಗೆ ಥಟ್ಟನೆ ಹೊಳೆಯಿತು. ಐದು ವರ್ಷ ಇದೇ ಊರಲ್ಲಿದ್ದ ಹುಡುಗ. ಸೋಮವಾರ ಪದವಿ. ಶನಿವಾರ ಗೋಪುರ ಹತ್ತುತ್ತಾನೆಯೇ? ಬಾಜಿ ಕಟ್ಟಿದರೂ ಹತ್ತುವುದಿಲ್ಲ. ಕಳೆದುಕೊಳ್ಳಲು ಏನೂ ಉಳಿಯದವನು ಮಾತ್ರ ಹತ್ತುತ್ತಾನೆ. ಅಯ್ಯೋ ಕೂಸೇ, ಎಂದುಕೊಂಡಳು.

ಸಂಜೆ 4.30. ತಂದೆತಾಯಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಜೆರಾರ್ದೊನನ್ನು ಒಳಗೆ ಕರೆದರು. ಗಾಜಿನ ಆಚೆ ಬಾಬಕಾರ್ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದ.

“ಅವನು ಯಾಕೆ ಇಲ್ಲಿ?” ಜೆರಾರ್ದೊ ಗಾಬರಿಯಾದ.

“ನಿಮ್ಮಮ್ಮ ಹೇಳಿದ್ರಲ್ಲ. ಮಂಗಳವಾರ ಅವನ ಪರವಾನಗಿ ನವೀಕರಣ ಅಂತೆ. ನಿನ್ನ ಈ ಕಾಗದ ಅಲ್ಲಿಗೆ ಹೋದ್ರೆ ಅವನಿಗೆ ಊರೇ ಇಲ್ಲ.”

“ಅವನಲ್ಲ.”

“ಮತ್ಯಾರು?”

ಹುಡುಗ ಮೇಜಿನ ಅಂಚನ್ನು ಉಗುರಿನಿಂದ ಕೆರೆದ.

“ಜೆರಾರ್ದೊ, ಗೋಪುರ ಯಾಕೆ ಹತ್ತಿದೆ?”

ಅವನು ತಲೆ ಎತ್ತಿ ನೋಡಿದ. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಅವನಿಗೆ ಅರ್ಥವಾಗಿತ್ತು. “ಅಪ್ಪ ಕೇಳಿದ್ರು. ‘ಇಂಥದ್ದನ್ನ ಯಾವ ಗಾರೆಯವನು ಕಟ್ಟಿದ್ನೋ, ಹತ್ತಿ ನೋಡ್ಬೇಕು ಕಣೋ’ ಅಂದ್ರು. ಐದು ವರ್ಷ ಅದರ ಬಾಗಿಲ ಕಡೆ ತಿರುಗಿ ಕೂಡ ನೋಡಿರ್ಲಿಲ್ಲ ನಾನು. ಇವತ್ತು ಮೊದಲನೇ ಮೆಟ್ಟಿಲು ಹತ್ತಿದೆ ನೋಡಿ, ಎಲ್ಲಾ ಮುಗೀತು ಅನ್ನಿಸ್ತು.” ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ರೈಲು ನಿಲ್ದಾಣದ ಸಾಮಾನು ಕೋಣೆಯ ರಸೀದಿ. “ಬೆಳಗ್ಗೆ ಇವರ ಸಾಮಾನು ಇಡೋವಾಗ ನನ್ನ ಚೀಲಾನೂ ಅಲ್ಲೇ ಬಿಟ್ಟೆ, ಊರು ನೋಡೋ ಗಡಿಬಿಡೀಲಿ ಅಪ್ಪ ಅಮ್ಮ ಗಮನಿಸ್ಲಿಲ್ಲ. ಚೀಲ ಕಳೀತು ಅಂದ್ರೆ ಪದವಿ ಮುಂದಕ್ಕೆ ಹೋಯ್ತು ಅಂತ ಊರಿಗೆ ಹೋಗ್ತಾರೆ ಅಂದ್ಕೊಂಡೆ. ಅಮ್ಮ ಇಲ್ಲಿಗೆ ಎಳ್ಕೊಂಡು ಬರ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ.”

5.20ಕ್ಕೆ ಲಗನಾ ಚೀಲ ತಂದ. ಪಂಚನಾಮೆ: ಲ್ಯಾಪ್‌ಟಾಪ್ ಒಂದು. ಕೆಂಪು ರಟ್ಟಿನ ಪ್ರಬಂಧ ಒಂದು, ಮೇಲೆ ಬಂಗಾರದ ಅಕ್ಷರದಲ್ಲಿ ಹೆಸರು. ಒಳಗೆ ನೂರ ಎಂಬತ್ತು ಹಾಳೆ, ಎಲ್ಲವೂ ಖಾಲಿ.

ಬಾಬಕಾರನನ್ನು ಆ ಕ್ಷಣವೇ ಬಿಟ್ಟರು. ವರದಿಯಿಂದ ಅವನ ಹೆಸರು ತೆಗೆಸಿದ್ದನ್ನು ರಾಯ್ಮೊಂದಿ ತೋರಿಸಿದಳು. ಜೆರಾರ್ದೊ ಎದ್ದು ನಿಂತು “ತಪ್ಪಾಯ್ತು, ಮನೆಯವರಿಗೆ ಸುಳ್ಳು ಹೇಳಿದ್ದೆ” ಎಂದ. ಬಾಬಕಾರ್ ಮೂಟೆ ಹೆಗಲಿಗೇರಿಸುತ್ತ, “ನಾನೂ ಊರಿಗೆ ಫೋನ್ ಮಾಡ್ದಾಗ ನನ್ನದು ಅಂಗಡಿ ಇದೆ ಅಂತೀನಿ,” ಎಂದು ಹೊರಟುಹೋದ.

ತಂದೆತಾಯಿಯನ್ನು ಒಳಗೆ ಕರೆದಾಗ ಪ್ರಬಂಧ ಮೇಜಿನ ಮೇಲೇ ಇತ್ತು. ಫಿಲೊಮೆನಾ ಸಂತೋಷದಿಂದ ಅದನ್ನು ಎದೆಗವಚಿಕೊಂಡಳು, ಆಮೇಲೆ ತೆರೆದಳು. ಒಂದು ಹಾಳೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಕೊನೆಯ ಹಾಳೆಯವರೆಗೂ ಒಂದನ್ನೂ ಬಿಡದೆ ತಿರುಗಿಸಿದಳು. ಅದನ್ನು ನೋಡುವುದು ರಾಯ್ಮೊಂದಿಗೆ ಬಹಳ ಕಷ್ಟವಾಯಿತು.

“ಯಾವಾಗಿಂದ?” ದೊನಾತೊ ಆ ದಿನ ಠಾಣೆಯಲ್ಲಿ ಆಡಿದ ಮೊದಲ ಮಾತು ಅದು.

“ನೀವು ಅಟ್ಟಣಿಗೆಯಿಂದ ಬಿದ್ರಲ್ಲ, ಆ ಜನವರಿಯಿಂದ. ಅವತ್ತೇ ನಾನು ಫೇಲಾಗಿದ್ದೆ. ಆಸ್ಪತ್ರೆಯಿಂದ ಫೋನ್ ಮಾಡಿ ಮೊದಲು ಕೇಳಿದ್ದೇ ಪರೀಕ್ಷೆ ಏನಾಯ್ತು ಅಂತ. ಮೂವತ್ತಕ್ಕೆ ಮೂವತ್ತು ಅಂದೆ. ನೀವು ನಕ್ಕಿದ್ದು ಕೇಳಿಸ್ತು. ಆಮೇಲೆ ಪ್ರತಿ ಸಲ...”

“ಎಷ್ಟು ಪರೀಕ್ಷೆ ಬಾಕಿ ಇದೆ?”

“ಒಂಬತ್ತು.”

ದೊನಾತೊ ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದ. “ಆ ಗೋಪುರ ಕೂಡ ಒಂದು ದಿನದಲ್ಲಿ ಎದ್ದಿಲ್ಲ,” ಎಂದ.

ಫಿಲೊಮೆನಾ ಕಣ್ಣೊರೆಸಿಕೊಂಡು ಮಗನ ಬೆನ್ನಿಗೊಂದು ಗುದ್ದಿದಳು, ಸದ್ದಾಗುವಂತೆ. ಲಗನಾ ಗೋಡೆ ಕಡೆ ತಿರುಗಿದ. ಆಕೆ ಫೋನು ತೆಗೆದು ತಂಗಿಗೆ ಹಚ್ಚಿದಳು. “ಪದವಿ ಇಲ್ಲ ಕಣೇ. ಮುಂದಕ್ಕೆ ಹೋಗಿಲ್ಲ, ಇಲ್ಲವೇ ಇಲ್ಲ. ಬಸ್ಸಿಗೆ ದುಡ್ಡು ಕೊಟ್ಟಾಗಿದೆಯಲ್ಲ, ಬನ್ನಿ. ಊರು ನೋಡ್ಕೊಂಡು ಹೋಗಿ. ಇವನೇ ತೋರಿಸ್ತಾನೆ, ಇವನಿಗೆ ಅದಾದ್ರೂ ಬರುತ್ತೆ.”

ನಡೆಯದ ಅಪರಾಧದ ಬಗ್ಗೆ ಸುಳ್ಳು ದೂರು ಕೊಟ್ಟ ಆರೋಪದಲ್ಲಿ ಜೆರಾರ್ದೊ ಸಾಂತಾರ್ಸಿಯೆರೊ ವಿರುದ್ಧ ಸಂಜೆ 6.45ಕ್ಕೆ ಪ್ರಕರಣ ದಾಖಲಾಯಿತು. ಸೆರೆಮನೆಗೆ ಹಾಕುವ ಅಗತ್ಯ ಕಾಣದ್ದರಿಂದ ಸಹಿ ಪಡೆದು ತಂದೆತಾಯಿಯ ಜೊತೆ ಕಳುಹಿಸಲಾಯಿತು. ಕಾರಣದ ಕಲಂನಲ್ಲಿ ರಾಯ್ಮೊಂದಿ, “ಆಸ್ಪತ್ರೆಯಲ್ಲಿದ್ದ ತಂದೆಯನ್ನು ಒಮ್ಮೆ ಸಂತೋಷಪಡಿಸಿದ್ದು” ಎಂದು ಬರೆದಳು. ಬಾಗಿಲಲ್ಲಿ ಹುಡುಗನ ಭುಜ ಮುಟ್ಟಿ, “ನನ್ನದು ಎರಡು ಬಾಕಿ,” ಎಂದಳು.

“ನಾನಾಗ್ಲೇ ಹತ್ತಿಬಿಟ್ಟೆನಲ್ಲ ಮೇಡಂ.”

“ಓದೋಕೆ ಬಂದೋನು ಹತ್ತಬಾರದು ಅಂತಿರೋದು. ಇವತ್ತು ನೀನು ಊರು ನೋಡೋಕೆ ಬಂದವರ ಜೊತೆ ಹತ್ತಿದ್ದು. ಅದು ಲೆಕ್ಕಕ್ಕಿಲ್ಲ.”

ಭಾನುವಾರ ಬೆಳಗ್ಗೆ 11.20. ಗಸ್ತು ಮುಗಿಸಿ ಬಂದ ಲಗನಾ, ಗೋಪುರದ ಹತ್ತಿರ ಒಂದು ಬಸ್ಸು ಜನ ಕೆಂಪು ಮಿಠಾಯಿ ತಿನ್ನುತ್ತ ನಿಂತಿದ್ದರು, ಬಿಸಿಲು ಸುಡುತ್ತಿದ್ದರೂ ಗಾರೆಯವನು ಛತ್ರಿ ಕೊಳ್ಳುತ್ತಿದ್ದ ಎಂದು ವರದಿ ಮಾಡಿದ.

“ಹುಡುಗ?”

“ಎಲ್ಲರನ್ನೂ ಮೇಲಕ್ಕೆ ಕಳಿಸಿದ. ಅತ್ತೆ, ಚಿಕ್ಕಮ್ಮಂದಿರೆಲ್ಲ ಕೈ ಹಿಡಿದು ಎಳೆದ್ರು ಮೇಡಂ. ಏನ್ ಮಾಡಿದ್ರೂ ಬರಲ್ಲ ಅಂತ ಕೆಳಗೇ ನಿಂತ್ಕೊಂಡ.”